ನಿನ್ನ ಒಳ್ಳೆಯದಕ್ಕೇ

ಮದುವೆಯಾದ ಹೊಸತರಲ್ಲಿ ನನ್ನ ಸಂಬಳವನ್ನು ಮಾವನವರ ಕೈಗೆ ಕೊಟ್ಟು, ಬಸ್ಸಿನ ಚಾರ್ಜಿಗೂ ಅವರನ್ನೇ ಕೇಳಬೇಕಿತ್ತು. "ನಿನಗೆ ವ್ಯವಹಾರ ತಿಳಿಯದಮ್ಮ, ನಿನ್ನ ಒಳ್ಳೆಯದಕ್ಕೇ ಹೀಗೆ ಮಾಡೋದು" ಎನ್ನುತ್ತಿದ್ದರು. ಕೆಟ್ಟವರೇನಲ್ಲ. ಆದರೂ ಆ ಮಾತು ಕೇಳಿದಾಗಲೆಲ್ಲ, ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ 1831ನೆಯ ಇಸವಿ ನೆನಪಾಗುತ್ತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಪಟ್ಟಕ್ಕೆ ಕೂಡಿಸಿದರು. ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕು, ಅದಕ್ಕೆ ಧಕ್ಕೆ ಬರುವಂತಾದರೆ ಆಡಳಿತಕ್ಕೆ ಕೈಹಾಕಬಹುದು ಎಂದು ಒಪ್ಪಂದದಲ್ಲೇ ಬರೆಸಿಕೊಂಡಿದ್ದರು. 1830ರಲ್ಲಿ ಕಂದಾಯದ ಭಾರ, ಅಧಿಕಾರಿಗಳ ಕಿರುಕುಳ ತಾಳಲಾರದೆ ನಗರದ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷ ಗವರ್ನರ್ ಜನರಲ್ ಬೆಂಟಿಂಕ್, ಅರಸರ ಆಡಳಿತ ಕೆಟ್ಟಿದೆ, ಪ್ರಜೆಗಳಿಗೆ ರಕ್ಷಣೆ ಬೇಕು ಎಂದು ರಾಜ್ಯಭಾರವನ್ನೇ ವಹಿಸಿಕೊಂಡ.

ರೈತರ ಗೋಳು ಸುಳ್ಳಲ್ಲ. ಆದರೆ ಆ ರೈತರನ್ನು ಅಡಗಿಸಲು ಹೋದದ್ದರಲ್ಲಿ ಕಂಪನಿಯ ಸೈನ್ಯವೂ ಇತ್ತು! ನಿಮ್ಮನ್ನು ಆಳುವವರು ಯಾರಾಗಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ. ಕಮಿಷನರುಗಳ ಆಳ್ವಿಕೆ 50 ವರ್ಷ ನಡೆಯಿತು. ರಾಜ್ಯ ಮರಳಿದ್ದು 1881ರಲ್ಲಿ. ಅದಕ್ಕಾಗಿ ಅರ್ಜಿ ಬರೆದು ಬರೆದು ಸೋತ ಮುಮ್ಮಡಿಯವರು 1868ರಲ್ಲೇ ತೀರಿಕೊಂಡಿದ್ದರು.

ಈ ಪಾಠ ಮುಗಿದಾಗ ಒಮ್ಮೆ ಹುಡುಗಿಯೊಬ್ಬಳು ಎದ್ದು, "ಟೀಚರ್, ನಮ್ಮ ಸರ್ಕಾರಗಳು ಹೀಗೆ ಮಾಡೋದಿಲ್ವಾ?" ಎಂದಳು.

ಮಾಡಿವೆ. ರಾಜ್ಯ ಸರ್ಕಾರವನ್ನು ತೆಗೆದು ರಾಷ್ಟ್ರಪತಿ ಆಳ್ವಿಕೆ ತರುವ 356ನೆಯ ವಿಧಿಯ ಮೂಲ ಬ್ರಿಟಿಷರ 1935ರ ಕಾಯಿದೆಯಲ್ಲಿದೆ. ಅದು ಬಳಕೆಗೇ ಬಾರದಿರಲಿ ಎಂದು ಅಂಬೇಡ್ಕರ್ ಆಶಿಸಿದ್ದರು. ಬಂದಿತು, ಮತ್ತೆ ಮತ್ತೆ ಬಂದಿತು. 1989ರ ಏಪ್ರಿಲ್‌ನಲ್ಲಿ ನಮ್ಮ ಎಸ್. ಆರ್. ಬೊಮ್ಮಾಯಿಯವರ ಸರ್ಕಾರ ಹೋದದ್ದೂ ಹಾಗೆಯೇ. ಸದನದಲ್ಲಿ ಬಹುಮತ ತೋರಿಸುತ್ತೇನೆಂದರೂ ಅವಕಾಶ ಸಿಗಲಿಲ್ಲ. ಕಾರಣದ ಹೆಸರು ಮಾತ್ರ ಬದಲಾಗಿತ್ತು. ಆಗ ಪ್ರಜೆಗಳ ರಕ್ಷಣೆ, ಈಗ ಸಂವಿಧಾನದ ರಕ್ಷಣೆ.

"ಹಾಗಾದರೆ ವ್ಯತ್ಯಾಸವೇನು ಟೀಚರ್?"

ವ್ಯತ್ಯಾಸವಿದೆ ಎಂದೆ. ಮುಮ್ಮಡಿಯವರು ಮೊರೆಯಿಡಬೇಕಾದದ್ದು ತಮ್ಮಿಂದ ಕಸಿದುಕೊಂಡವರ ಬಳಿಯೇ. ಬೊಮ್ಮಾಯಿಯವರಿಗೆ ನ್ಯಾಯಾಲಯವಿತ್ತು. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಹೋದ ಸರ್ಕಾರ ಬರಲಿಲ್ಲ, ಅಷ್ಟರಲ್ಲಿ ಚುನಾವಣೆಯೇ ಆಗಿಹೋಗಿತ್ತು. ಆದರೆ ಅಂದಿನಿಂದ ಕಾರಣ ಹೇಳಿದರೆ ಸಾಲದು, ಲೆಕ್ಕವನ್ನೂ ಕೊಡಬೇಕಾಯಿತು.

ಒಳ್ಳೆಯದಕ್ಕೇ ಎನ್ನುವವರೆಲ್ಲ ಸುಳ್ಳರಲ್ಲ. ಯಾರ ಒಳ್ಳೆಯದು, ಅವರನ್ನು ಕೇಳಿದಿರಾ ಎಂದು ನಾವು ಕೇಳಬೇಕು, ಅಷ್ಟೇ. ಒಂದು ದಿನ ನಾನೂ ಧೈರ್ಯ ಮಾಡಿ ಮಾವನವರನ್ನು ಲೆಕ್ಕ ಕೇಳಿದೆ. ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಬ್ಯಾಂಕಿನ ಪುಸ್ತಕ ತಂದು ನನ್ನ ಮುಂದಿಟ್ಟರು.