ಮೆದುಶಿಲೆಯ ತೆರೆದ ಗಣಿ: ಇಳಿಜಾರಿಗೆ ನೀರೇ ವೈರಿ

ಜಾರ್ಖಂಡ್‌ನ ಗೊಡ್ಡಾ ಜಿಲ್ಲೆಯ ಲಾಲ್‌ಮಟಿಯಾ ಕಲ್ಲಿದ್ದಲು ಗಣಿಯಲ್ಲಿ 2016ರ ಡಿಸೆಂಬರ್ 29ರ ಸಂಜೆ, ಅಗೆದು ಸುರಿದಿದ್ದ ಮಣ್ಣಿನ ರಾಶಿ ತಳಸಹಿತ ಕುಸಿಯಿತು. ಸುಮಾರು 300 ಮೀಟರ್ ಉದ್ದ, 110 ಮೀಟರ್ ಅಗಲದ ಪ್ರದೇಶ 35 ಮೀಟರ್‌ನಷ್ಟು ಕೆಳಕ್ಕೆ ಜಾರಿತ್ತು. 23 ಕಾರ್ಮಿಕರು ಮೃತಪಟ್ಟರು. ತೆರೆದ ಗಣಿಯಲ್ಲಿ ಅಗೆಯುವುದಕ್ಕಿಂತ ಅಗೆದ ಅಂಚನ್ನು ನಿಲ್ಲಿಸಿಕೊಳ್ಳುವುದೇ ಕಠಿಣ.

ಗಟ್ಟಿ ಬಂಡೆ ಸಾಮಾನ್ಯವಾಗಿ ತನ್ನಲ್ಲಿರುವ ಬಿರುಕುಗಳ ಗುಂಟ ಒಡೆದು ಬೀಳುತ್ತದೆ. ಜೇಡಿಶಿಲೆ, ಸಡಿಲ ಮರಳುಗಲ್ಲುಗಳಿಗೆ ಅಂತಹ ಬಿರುಕೇ ಬೇಕೆಂದಿಲ್ಲ. ಅವುಗಳ ಒಡಲಿನಲ್ಲಿಯೇ ಬಟ್ಟಲಿನಾಕಾರದ ಜಾರುಮೈ ರೂಪುಗೊಂಡು ಇಡೀ ಅಂಚು ಇಳಿಯುತ್ತದೆ. ಕಣಗಳ ನಡುವೆ ಸೇರಿದ ನೀರಿನ ಒತ್ತಡ ಹೆಚ್ಚಿದಂತೆ ಅವುಗಳ ಪರಸ್ಪರ ಹಿಡಿತ ಕುಗ್ಗುತ್ತದೆ.

ಇಳಿಜಾರನ್ನು ತಗ್ಗಿಸುವುದು ಸುಲಭ ಪರಿಹಾರವೆಂದು ತೋರಬಹುದು. ಆದರೆ 100 ಮೀಟರ್ ಆಳದ ಗಣಿಯಲ್ಲಿ 45 ಡಿಗ್ರಿಯ ಇಳಿಜಾರನ್ನು 40ಕ್ಕೆ ಇಳಿಸಿದರೆ, ಅಂಚಿನ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 960 ಘನ ಮೀಟರ್ ಮಣ್ಣನ್ನು ಹೆಚ್ಚುವರಿಯಾಗಿ ತೆಗೆಯಬೇಕಾಗುತ್ತದೆ. ಲೋಹ ಗಣಿಗಳಿಗೆ ಸಂಬಂಧಿಸಿದ 1961ರ ನಿಯಮಾವಳಿಯು ಮಣ್ಣು, ಜೇಡಿ, ಗರಸಿನಂತಹ ನೆಲದಲ್ಲಿ 45 ಡಿಗ್ರಿ ಮೀರದ ಇಳಿಜಾರು ಅಥವಾ 1.5 ಮೀಟರ್ ಮೀರದ ಮೆಟ್ಟಿಲುಗಳನ್ನು ವಿಧಿಸಿತು. ಅಷ್ಟು ಕಿರಿದಾದ ಮೆಟ್ಟಿಲಿನ ಮೇಲೆ ದೈತ್ಯ ಯಂತ್ರ ನಿಲ್ಲಲಾರದು. ಆದ್ದರಿಂದ ಯಂತ್ರೀಕೃತ ಗಣಿಗಳು ಗಣಿ ಸುರಕ್ಷಾ ಮಹಾನಿರ್ದೇಶನಾಲಯದಿಂದ ವಿನಾಯಿತಿ ಪಡೆಯುವುದು ವಾಡಿಕೆಯಾಯಿತು.

ನೀರನ್ನು ತೆಗೆಯುವುದು ಇನ್ನೊಂದು ಮಾರ್ಗ. ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟ್ ಪದರದ ಕೆಳಗೆ ಒತ್ತಡದಲ್ಲಿ ಸಿಲುಕಿದ ಅಂತರ್ಜಲವಿದೆ. ಕೊಳವೆಬಾವಿಗಳ ಮೂಲಕ ಅದನ್ನು ನಿರಂತರವಾಗಿ ಮೇಲೆತ್ತದಿದ್ದರೆ ಗಣಿಯ ತಳವೇ ಉಬ್ಬಿ ಒಡೆಯುವ ಅಪಾಯವಿದೆ. ಮಳೆನೀರು ಅಂಚಿಗೆ ಹರಿಯದಂತೆ ಮೇಲ್ಭಾಗದಲ್ಲಿಯೇ ಕಾಲುವೆ ತೋಡಿ ತಿರುಗಿಸುವುದು ಅಗ್ಗದ ಕ್ರಮ. ಅಗ್ಗವಾದುದರಿಂದಲೋ ಏನೋ, ಹೂಳು ತುಂಬಿದರೂ ಅದರತ್ತ ಗಮನ ಹರಿಯುವುದು ತಡವಾಗಿಯೇ.

ಇಂತಹ ಇಳಿಜಾರುಗಳ ಅಧ್ಯಯನ ನಡೆಸುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು 1988ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಆರಂಭವಾಯಿತು.

ಕುಸಿತ ಸಾಮಾನ್ಯವಾಗಿ ಸುಳಿವು ಕೊಡುತ್ತದೆ: ಅಂಚಿನ ಮೇಲ್ಭಾಗದಲ್ಲಿ ಬಿರುಕು, ಬುಡದಲ್ಲಿ ಉಬ್ಬು, ದಿನೇದಿನೇ ವೇಗ ಪಡೆಯುವ ಚಲನೆ. ರಾಡಾರ್ ಯಂತ್ರಗಳು ಮಿಲಿಮೀಟರ್ ಪ್ರಮಾಣದ ಚಲನೆಯನ್ನೂ ಗುರುತಿಸುತ್ತವೆ. ಅಮೆರಿಕದ ಯೂಟಾ ರಾಜ್ಯದ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯ ಶಿಲೆ ಬೇರೆ ಬಗೆಯದಾದರೂ, ಅಲ್ಲಿ 2013ರ ಏಪ್ರಿಲ್ 10ರಂದು ಬೃಹತ್ ಭೂಕುಸಿತವಾಗುವ ಮುನ್ನ ಚಲನೆಯನ್ನು ಗಮನಿಸಿ ಕಾರ್ಮಿಕರನ್ನು ತೆರವುಗೊಳಿಸಲಾಗಿತ್ತು. ಒಬ್ಬರಿಗೂ ಗಾಯವಾಗಲಿಲ್ಲ.