ಬಂಡೆಯ ಬಣ್ಣ, ಗಣಕದ ಬಣ್ಣ: ಕರ್ನಾಟಕದ ಪ್ರಾಗೈತಿಹಾಸಿಕ ಚಿತ್ರಗಳ ದಾಖಲಾತಿ

ತಿಪಟೂರು ಸೀಮೆಯನ್ನು ಕೊಬ್ಬರಿಯಿಂದ ಬಲ್ಲವರಿಗೆ ಕಿಬ್ಬನಹಳ್ಳಿಯೆಂದರೆ ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ದಾರಿ ಕವಲೊಡೆಯುವ ಕೆ.ಬಿ. ಕ್ರಾಸ್. ಪುರಾತತ್ವದವರಿಗೆ ಅದು ಹಳೆ ಶಿಲಾಯುಗದ ನೆಲೆ, ಎಂ. ಶೇಷಾದ್ರಿಯವರು 1950ರ ದಶಕದಲ್ಲಿ ಇಲ್ಲಿಯ ಕಲ್ಲಿನ ಆಯುಧಗಳ ಬಗ್ಗೆ ವಿವರವಾಗಿ ಬರೆದರು. ಆಯುಧವನ್ನಾದರೆ ಅಳೆದು, ಗೆರೆಚಿತ್ರ ಬರೆದು, ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಬಂಡೆಯ ಮೇಲಿನ ಚಿತ್ರ ಇದ್ದಲ್ಲೇ ಮಾಸುತ್ತದೆ. ಹೀಗಾಗಿ ಅದರ ಅಧ್ಯಯನ ಬಹುಪಾಲು ನಕಲುಗಳನ್ನೇ ನಂಬಿ ನಡೆದಿದೆ.

ಬಳ್ಳಾರಿ ಬಳಿಯ ಕಪ್ಪಗಲ್ಲಿನ ಚಿತ್ರಗಳನ್ನು ಎಫ್. ಫಾಸೆಟ್ 1892ರಲ್ಲಿ ಪ್ರಕಟಿಸಿದರು. ರಾಯಚೂರು ಸೀಮೆಯ ಬಂಡೆಚಿತ್ರಗಳ ಮೇಲೆ ಡಿ.ಎಚ್. ಗಾರ್ಡನ್ ಮತ್ತು ಎಫ್.ಆರ್. ಆಲ್ಚಿನ್ ಬರೆದದ್ದು 1955ರಲ್ಲಿ. ಆ ಕಾಲದ ನಕಲುಗಳಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಉಳಿಯಿತು. ಕಾಣದ್ದನ್ನು ಊಹೆ ತುಂಬಿತು. ಇನ್ನು ಗೆರೆ ಎದ್ದು ಕಾಣಲೆಂದು ಬಂಡೆಗೆ ನೀರು ಎರಚುವ, ಸೀಮೆಸುಣ್ಣ ಬಳಿಯುವ ರೂಢಿಯೂ ಇತ್ತು. ದಾಖಲಿಸುವ ಕೈಯೇ ಚಿತ್ರವನ್ನು ಕೆಡಿಸಿದ ಉದಾಹರಣೆಗಳು ಜಗತ್ತಿನೆಲ್ಲೆಡೆ ಇವೆ.

ಈ ಶತಮಾನದಲ್ಲಿ ಬಂದ ದೊಡ್ಡ ಬದಲಾವಣೆ ಜಾನ್ ಹಾರ್ಮನ್ ರೂಪಿಸಿದ ಡಿಸ್ಟ್ರೆಚ್ ತಂತ್ರಾಂಶ. ಅದರ ಗಣಿತ ಮೂಲತಃ ದೂರಸಂವೇದಿ ಚಿತ್ರಗಳಿಗಾಗಿ ಬೆಳೆದದ್ದು. ಮಾಸಿದ ಬಂಡೆಯ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಮೌಲ್ಯಗಳು ಹೆಚ್ಚುಕಡಿಮೆ ಒಟ್ಟಿಗೇ ಏರಿಳಿಯುತ್ತವೆ; ಆದ್ದರಿಂದ ಎಲ್ಲವೂ ಒಂದೇ ಬೂದಿಬಣ್ಣ. ತಂತ್ರಾಂಶ ಈ ಪರಸ್ಪರ ಸಂಬಂಧವನ್ನು ಲೆಕ್ಕಹಾಕಿ ಕಳಚುತ್ತದೆ, ಉಳಿದ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸುತ್ತದೆ. ಬರಿಗಣ್ಣಿಗೆ ಕಲೆಯಂತಿದ್ದ ಕೆಮ್ಮಣ್ಣಿನ ಬಣ್ಣದಲ್ಲಿ ಗೂಳಿಯ ಕೊಂಬೋ ಮನುಷ್ಯನ ತೋಳೋ ಮೂಡಬಹುದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕೆಂಪು ಚಿತ್ರಗಳಿಗೆ ಇದು ಹೇಳಿಮಾಡಿಸಿದ ವಿಧಾನ. ಅಲ್ಲಿಯ ಬೃಹತ್ ಶಿಲಾಗೋರಿಗಳ ನೆಲೆ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದೆ.

ಆದರೆ ಹೀಗೆ ಮೂಡಿದ ಬಣ್ಣ ಬಂಡೆಯದಲ್ಲ, ಗಣಕದ್ದು. ಬಂಡೆಯಿಂದ ಒಸರಿದ ಕಬ್ಬಿಣದ ಕರೆಯೂ ಅಷ್ಟೇ ಕೆಂಪಾಗಿ ಹೊಳೆಯುತ್ತದೆ. ಮೂಲ ಫೋಟೋ, ಅಳತೆಪಟ್ಟಿ, ಬಣ್ಣದ ಪಟ್ಟಿ, ಬಳಸಿದ ಆಯ್ಕೆಗಳ ವಿವರ ಯಾವುದೂ ಇಲ್ಲದೆ ಬರೀ ಹಿಗ್ಗಿಸಿದ ಚಿತ್ರವನ್ನು ಮುದ್ರಿಸುವ ಲೇಖನವನ್ನು ಪುರಾವೆಯೆಂದು ಒಪ್ಪುವುದು ಕಷ್ಟ. ಹಿಂದಿನವರ ಊಹೆ ಪೆನ್ಸಿಲಿನಲ್ಲಿತ್ತು, ನಮ್ಮದು ಗುಂಡಿ ಒತ್ತುವುದರಲ್ಲಿದೆ, ಅಷ್ಟೆ.

ಕಪ್ಪಗಲ್ಲಿನ ಮಾತು ಬೇರೆ. ಅಲ್ಲಿ ಬಣ್ಣವಿಲ್ಲ, ಕರಿಯ ಡಾಲರೈಟ್ ಬಂಡೆಯನ್ನು ಕುಟ್ಟಿ ಮಾಡಿದ ದನಕರು, ಮನುಷ್ಯರ ಆಕೃತಿಗಳಿವೆ. ಇಂಥಲ್ಲಿ ನೆರವಾಗುವುದು ಓರೆಬೆಳಕು ಮತ್ತು ಫೋಟೋಗ್ರಾಮೆಟ್ರಿ: ಒಂದರ ಮೇಲೊಂದು ಹಾಯುವಂತೆ ಹಲವು ಕೋನಗಳಿಂದ ತೆಗೆದ ಫೋಟೋಗಳಿಂದ ಬಂಡೆಯ ಮೂರು ಆಯಾಮದ ಮಾದರಿ. ನಿಕೋಲ್ ಬಾಯ್ವಿನ್ ಅವರ 2004ರ ಲೇಖನ ಗಮನಿಸಿದಂತೆ ಅಲ್ಲಿಯ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನುಡಿಯುತ್ತವೆ. ಅಂದಮೇಲೆ ಚಿತ್ರವೊಂದನ್ನೇ ಸೆರೆಹಿಡಿದ ದಾಖಲೆ ಅರ್ಧ ದಾಖಲೆ, ಧ್ವನಿಮುದ್ರಣವೂ ಬೇಕು. ಆ ಗುಡ್ಡಕ್ಕೆ ಕಲ್ಲುಗಣಿಗಾರಿಕೆಯ ಬೆದರಿಕೆಯೂ ತಟ್ಟಿದೆ. ಸಿಡಿದ ಬಂಡೆಯಿಂದ ಯಾವ ತಂತ್ರಾಂಶವೂ ಏನನ್ನೂ ಹೊರತೆಗೆಯಲಾರದು.

ಕಿಬ್ಬನಹಳ್ಳಿಯ ಆಸುಪಾಸಿನ ಗುಡ್ಡ, ಬಂಡೆಗಳನ್ನೂ ಈ ಕಣ್ಣಿನಿಂದ ಒಮ್ಮೆ ಸಾಲಾಗಿ ನೋಡಿಬರಬೇಕು. ತೋಟದ ಅಂಚಿನ ಹಾಸುಬಂಡೆಯಲ್ಲಿ ಕೆಂಪು ಗುರುತು ಕಂಡವರು ನೀರು ಹಾಕಬೇಡಿ, ಉಜ್ಜಬೇಡಿ. ಪಕ್ಕದಲ್ಲೊಂದು ಅಳತೆಪಟ್ಟಿ ಹಿಡಿದು ಫೋಟೋ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ.