ಶರಣರ ಸಂಬೋಧನ ಕ್ರಮ: ‘ಅಯ್ಯ’, ‘ಅಕ್ಕ’, ‘ಪುಣ್ಯಸ್ತ್ರೀ’

12ನೆಯ ಶತಮಾನದ ಕಲ್ಯಾಣದ ಶರಣರು ಸಂಬೋಧನೆಯನ್ನು ಬರಿಯ ಉಪಚಾರವೆಂದು ಬಗೆದವರಲ್ಲ. ಎದುರಿಗಿರುವವರನ್ನು ಗೌರವದಿಂದ ಕರೆಯುವುದರಲ್ಲಿ ಸ್ವರ್ಗವನ್ನೂ ತುಚ್ಛವಾಗಿ ಕರೆಯುವುದರಲ್ಲಿ ನರಕವನ್ನೂ ಬಸವಣ್ಣನವರು ಕಂಡರು. ಮಾದಾರ ಚೆನ್ನಯ್ಯನವರನ್ನು ತಂದೆಯೆಂದೂ ಕಿನ್ನರಿ ಬೊಮ್ಮಯ್ಯನವರನ್ನು ಅಣ್ಣನೆಂದೂ ಹೇಳಿಕೊಂಡ ಅವರ ವಚನದಲ್ಲಿ ಬಂಧುತ್ವವಾಚಕಗಳು ಜಾತಿಯ ಗಡಿಯನ್ನು ದಾಟುತ್ತವೆ. ಮಾದಾರ, ಡೋಹರ, ಮಡಿವಾಳ, ಅಂಬಿಗ ಎಂಬ ಪೂರ್ವಪದಗಳು ಹೆಸರುಗಳಿಂದ ಕಳಚಲಿಲ್ಲ, ನಿಜ; ಆದರೆ ಹೆಸರಿನ ಕೊನೆಯ ‘ಅಯ್ಯ’ ಇವರೆಲ್ಲರಿಗೂ ಸಮಾನವಾಗಿ ಸಂದಿತು.

ಸ್ತ್ರೀಯರ ವಿಷಯ ಇಷ್ಟು ಸರಳವಲ್ಲ. ಕಿರಿಯ ವಯಸ್ಸಿನ ಮಹಾದೇವಿಯವರು ಶರಣರಿಗೆಲ್ಲ ‘ಅಕ್ಕ’ನಾದರು. ಅಲ್ಲಮಪ್ರಭುಗಳು ಅವರನ್ನು ಕಠಿಣವಾಗಿ ಪ್ರಶ್ನಿಸುವ ಪ್ರಸಂಗ ಪ್ರಸಿದ್ಧವಾದುದು. ಅದು 15ನೆಯ ಶತಮಾನದ ‘ಶೂನ್ಯಸಂಪಾದನೆ’ಯಲ್ಲಿ ಸಂವಾದವಾಗಿ ಜೋಡಣೆಗೊಂಡುದೆಂಬ ಎಚ್ಚರ ಅಗತ್ಯ.

ಇತರ ವಚನಕಾರ್ತಿಯರಿಗೆ ಈ ಗೌರವ ದೊರೆತ ಬಗೆ ಬೇರೆ. ಉರಿಲಿಂಗಪೆದ್ದಿ, ಬಾಚಿಕಾಯಕದ ಬಸವಯ್ಯ, ಸಿದ್ಧಬುದ್ಧಯ್ಯ ಈ ಮೂವರ ಪತ್ನಿಯರ ಹೆಸರೂ ಕಾಳವ್ವೆ. ಸಂಕಲನಗಳಲ್ಲಿ ಅವರ ಗುರುತು ‘ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ’ ಎಂಬ ಮಾದರಿಯದು: ಪತಿಗೆ ಗೌರವದ ಬಹುವಚನ, ಪತ್ನಿಗೆ ಸಂಬಂಧವಾಚಕ. ಈ ಪದ ವಚನದೊಳಗಿನದಲ್ಲ, ಶೀರ್ಷಿಕೆಯದು. ಅದನ್ನೇ ಆಧರಿಸಿ ಶರಣೆಯರ ಸ್ಥಾನವನ್ನು ಅಳೆಯಹೊರಟರೆ ಎಡವುವುದು ಖಂಡಿತ. ಆಯ್ದಕ್ಕಿ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅದರಲ್ಲಿಯೇ ಪತಿಯ ಹೆಸರಿದೆ. ಆದರೆ ಅದೇ ಅಂಕಿತದ ವಚನದಲ್ಲಿ, ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬರುವಂತೆ ಅವರು ಪತಿಗೆ ಆದೇಶಿಸುತ್ತಾರೆ.